ರೇಷ್ಮೆ ಎಳೆಯ ಪರೀಕ್ಷೆ

ಮಕ್ತಲ್‌ನ ವರ್ಕ್‌ಶಾಪಿನ ಮೇಜಿನ ಮೇಲೆ ಎರಡು ಉಕ್ಕಿನ ರೋಲರುಗಳಿದ್ದವು. ಒಂದಕ್ಕೆ ಮಾಲೀಕ ಗುರುಲಿಂಗ ತಾನೇ ಪಾಲಿಶ್ ಮಾಡಿದ್ದ. ಅದರಲ್ಲಿ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಇನ್ನೊಂದು ರಜಿನಿಯದು, ಮಂಕಾಗಿತ್ತು. ಆರಿಸಲು ಗದ್ವಾಲದ ರೇಷ್ಮೆ ನೂಲಿನ ಕಾರ್ಖಾನೆಯಿಂದ ಶ್ರೀರಾಮುಲು ಬಂದಿದ್ದರು. ರಜಿನಿಯದು ಗೆದ್ದರೆ ಕಾರ್ಖಾನೆಯ ಉಳಿದ ನಲವತ್ತು ರೋಲರುಗಳೂ ಅವಳ ಕೈಗೆ, ಸೋತರೆ ಅವಳು ಮತ್ತೆ ಕಸಬರಿಗೆಗೆ. ಗುರುಲಿಂಗನೇ ಕಟ್ಟಿದ ಪಂಥವದು.

ರಜಿನಿ ನಾರಾಯಣಪೇಟೆಯ ನೇಕಾರರ ಮನೆಯ ಸೊಸೆ. ಕಸ ಗುಡಿಸಲೆಂದು ಇಲ್ಲಿಗೆ ಬಂದು, ಉಕ್ಕಿಗೆ ಎಮರಿ ಪೇಪರ್ ಉಜ್ಜಿ ಉಜ್ಜಿ ಬೆರಳು ಒರಟಾಗಿ, ಅದಕ್ಕೆ ರೇಷ್ಮೆ ಸಿಕ್ಕಿಕೊಳ್ಳತೊಡಗಿದ ದಿನವೇ ಅತ್ತೆ ಕುರುಮಮ್ಮ, "ಈ ಕೈ ಮಗ್ಗಕ್ಕ ಬ್ಯಾಡವ್ವ" ಎಂದು ಮಗ್ಗದಿಂದ ಎಬ್ಬಿಸಿದ್ದಳು. ಆ ಮಾತು ಇನ್ನೂ ಚುಚ್ಚುತ್ತಿತ್ತು. ಇಲ್ಲೂ ಸೋತರೆ ಹೋಗುವುದೆಲ್ಲಿಗೆ?

ತನ್ನ ರೋಲರಿಗೆ ಅವಳು ಒರಟಿನಿಂದ ನಯದವರೆಗೆ ಐದು ಪೇಪರ್ ಬಳಸಿದ್ದಳು. ಒಂದರ ಗೀರು ಪೂರ್ತಿ ಅಳಿಯುವ ತನಕ ಮುಂದಿನದನ್ನು ಮುಟ್ಟಿರಲಿಲ್ಲ. ಅಷ್ಟು ತಾಳ್ಮೆ ಗುರುಲಿಂಗನಿಗೆಲ್ಲಿ ಬರಬೇಕು? ಎರಡೇ ಪೇಪರಿಗೆ ಮುಗಿಸಿ, ಬಟ್ಟೆಯ ಚಕ್ರಕ್ಕೆ ಮೇಣ ಮೆತ್ತಿ, ಗಿರ್ರನೆ ತಿರುಗಿಸಿ ಹೊಳೆಸಿಬಿಟ್ಟಿದ್ದ!

ಶ್ರೀರಾಮುಲು ಅವರ ಕೈ ನೇರ ಹೊಳೆಯುವ ರೋಲರಿನತ್ತ ಹೋಯಿತು.

"ತಡೀರಿ ಸಾವ್ಕಾರ್ರ!" ರಜಿನಿ ಕೂಗಿಯೇಬಿಟ್ಟಳು. "ಹೊಳಪು ನೋಡಬ್ಯಾಡ್ರಿ. ನಮ್ಮ ಮನ್ಯಾಗ ಹೊಸಾ ಲಾಳಿ ತಂದ್ರ ಅದರ ಮ್ಯಾಲೆ ರೇಷ್ಮಿ ಎಳಿ ಎಳದು ನೋಡ್ತಾರ. ಗೀರಿದ್ರ ಎಳಿ ಹರೀತೈತಿ."

ಸೆರಗಿನ ಗಂಟಿನಿಂದ ಹಸಿ ರೇಷ್ಮೆಯ ಎರಡು ಎಳೆ ತೆಗೆದಳು. ತೆಗೆದದ್ದೇ ತಡ, ಅವು ಅವಳ ಬೆರಳಿಗೇ ಸಿಕ್ಕಿಕೊಂಡವು.

ಗುರುಲಿಂಗ ನಕ್ಕ. "ಕೈಗಾ ಸಿಕ್ಕೊಂಡೈತಿ, ಇನ್ನ ರೋಲರ್ ಏನ್ ನೋಡ್ತಿ?"

ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ನೀವಾ ಹಿಡೀರಿ ಸಾವ್ಕಾರ್ರ," ಎಂದು ಕೈ ಚಾಚಿದಳು.

ಶ್ರೀರಾಮುಲು ಎಳೆ ಬಿಡಿಸಿಕೊಂಡು, ಹೊಳೆಯುವ ರೋಲರಿನ ಮೇಲೆ ಎಳೆದರು. ಅರ್ಧಕ್ಕೇ ಜುಂಗೆದ್ದು ಪಟ್ಟನೆ ಹರಿಯಿತು. ಇನ್ನೊಂದನ್ನು ಮಂಕಾದದ್ದರ ಮೇಲೆ ಎಳೆದರು. ಜಾರಿತು. ಮತ್ತೆ ಎಳೆದರು, ಮತ್ತೆ ಜಾರಿತು!

"ಶಭಾಷ್! ನಲವತ್ತೂ ಈಕೀನಾ ಮಾಡ್ಲಿ," ಎಂದರು ಶ್ರೀರಾಮುಲು.

ಗುರುಲಿಂಗ ಮೀಸೆ ಮುಟ್ಟಿಕೊಂಡ. ರಜಿನಿಗೆ ಕುಣಿಯಬೇಕೆನಿಸಿತು. ಆದರೂ ಬಾಯಿಂದ ಬಂದದ್ದು ಬೇರೆ: "ಈ ಕೈಲೆ ರೇಷ್ಮಿ ಹಿಡಿಯಾಕ ಆಗಲ್ರಿ..."

"ರೇಷ್ಮಿ ಹಿಡಿಯಾಕ ನಮ್ಮಲ್ಲಿ ಮಂದಿ ಅದಾರವ್ವ," ಎಂದರು ಶ್ರೀರಾಮುಲು. "ಅದು ಹರೀದಂಗ ನೋಡ್ಕೊಳ್ಳಾಕ ಈ ಕೈನಾ ಬೇಕು."

ಅವಳು ಕಣ್ಣೊರೆಸಿಕೊಂಡು, ಗುರುಲಿಂಗನ ರೋಲರನ್ನು ಎತ್ತಿಕೊಂಡು, ಎಲ್ಲಕ್ಕಿಂತ ಒರಟಾದ ಪೇಪರನ್ನು ಕೈಗೆ ತೆಗೆದುಕೊಂಡಳು.