ಗಿರಾಕಿಗಳೆಲ್ಲ ಹೋದ ಮೇಲೆ

ಯಾರೋ ಬಾಗಿಲ ಹಿಂದೆ ಸರಿಸಿಟ್ಟಿದ್ದ ಊರುಗೋಲನ್ನು ತಂಗಿ ಎಳೆದು ತಂದು ಅಕ್ಕನ ಶವದ ಪಕ್ಕದಲ್ಲಿಟ್ಟಳು.

"ಅದನ್ಯಾಕೆ ಎದುರಿಗೆ ಇಡ್ತೀಯೇ? ಬಂದೋರ ಕಣ್ಣಿಗೆ ಬೀಳುತ್ತೆ," ಎಂದಳು ಚಿಕ್ಕಮ್ಮ.

"ಬೀಳಲಿ ಬಿಡು. ಇನ್ನು ಅವಳ ಕೆಲಸ ಕಿತ್ಕೊಳ್ಳೋರು ಯಾರೂ ಇಲ್ಲ."

ಅಷ್ಟರಲ್ಲಿ ಅಕ್ಕ ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಯಜಮಾನರು ಬಂದರು. ಮಂಡಿನೋವಿನಿಂದ ಈಗ ಅವರಿಗೂ ಕೋಲು ಬೇಕಾಗಿತ್ತು. ಬೆಳ್ಳಿ ಹಿಡಿಯ ಕೋಲೂರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನೆರೆದವರು ಎದ್ದು ದಾರಿ ಬಿಟ್ಟರು. ಇದ್ದುದರಲ್ಲಿ ಒಳ್ಳೆಯ ಕುರ್ಚಿ ಅವರಿಗೆ ಸಿಕ್ಕಿತು. ಕೋಲನ್ನು ಅದಕ್ಕೊರಗಿಸಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

"ಇಪ್ಪತ್ತು ವರ್ಷ ನನ್ನ ಗಲ್ಲಾದಲ್ಲಿ ಕೂತಿದ್ದಳು. ಕಾಲು ಹೀಗೆ ಅಂತ ಒಬ್ಬ ಗಿರಾಕಿಗೂ ಗೊತ್ತಾಗಲಿಲ್ಲ ನೋಡಿ. ಅವರಿದ್ದಾಗ ಒಂದು ಸಲಾನೂ ಎದ್ದೋಳಲ್ಲ."

"ದೊಡ್ಡ ಮನಸ್ಸು ನಿಮ್ದು," ಎಂದಳು ಚಿಕ್ಕಮ್ಮ. "ಬೇರೆ ಯಾರು ಇಟ್ಕೊಳ್ತಿದ್ರು ಅವಳನ್ನ?"

ತಂಗಿ ಊರುಗೋಲನ್ನು ಅಕ್ಕನ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು.

*

ಅಕ್ಕ ಕೆಲಸಕ್ಕೆ ಸೇರಿದ ಮೊದಲ ದಿನವೇ ಯಜಮಾನರು ಊರುಗೋಲನ್ನು ತಾವೇ ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದರು.

"ಮದುವೆ ಬಟ್ಟೆ ತಗೊಳ್ಳೋಕೆ ಬರೋ ಜನಮ್ಮ. ಇದನ್ನ ನೋಡಿದ್ರೆ ಮನಸ್ಸಿಗೆ ಒಂಥರಾ ಆಗುತ್ತೆ. ಗಿರಾಕಿಗಳೆಲ್ಲ ಹೋದ್ಮೇಲೆ ಕೊಡ್ತೀನಿ."

ಗದರಲಿಲ್ಲ, ಮೆತ್ತಗೇ ಹೇಳಿದ್ದರು. ಅದೇ ಪದ್ಧತಿಯಾಯಿತು. ಕುಂಟಿಗೆ ಕೆಲಸ ಕೊಟ್ಟ ಪುಣ್ಯಾತ್ಮ ಎಂದು ಬೀದಿಯವರೆಲ್ಲ ಅವರನ್ನು ಕೊಂಡಾಡುತ್ತಿದ್ದರು.

ಶೌಚಾಲಯ ಅಂಗಡಿಯ ಹಿಂದಿತ್ತು, ಊರುಗೋಲಿಲ್ಲದೆ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಅಕ್ಕ ಅದಕ್ಕೊಂದು ಉಪಾಯ ಕಂಡುಕೊಂಡಳು: ಅಂಗಡಿ ಮುಚ್ಚುವವರೆಗೆ ನೀರೇ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲೂ ಅಷ್ಟೇ. ತಂಗಿ ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಹಾಗೇ ವಾಪಸು ಬರುತ್ತಿತ್ತು.

"ಊರುಗೋಲು ಹತ್ರಾನೇ ಇರ್ಲಿ ಅಂತ ಕೇಳಬಾರದೇನೇ?"

"ಕೇಳಿದ್ರೆ ಬೇರೆಯವರನ್ನ ಇಟ್ಕೋತಾರೆ. ಕೈಕಾಲು ನೆಟ್ಟಗಿರೋರು ಬೇಕಾದಷ್ಟು ಜನ ಇದಾರೆ," ಎಂದು ಅಕ್ಕ ನಗುತ್ತಿದ್ದಳು.

ಕೊನೆಗೆ ಎರಡೂ ಮೂತ್ರಪಿಂಡ ಕೈಕೊಟ್ಟವು. "ನೀರು ಕುಡೀತಿರಲಿಲ್ವಾ?" ಎಂದು ಡಾಕ್ಟರು ಕೇಳಿದಾಗ ಅಕ್ಕ ತಂಗಿಯ ಮುಖ ನೋಡಿದ್ದಳು, ಏನೂ ಹೇಳಬೇಡ ಎನ್ನುವಂತೆ.

*

ಯಜಮಾನರು ಚಿಕ್ಕಮ್ಮನ ಕಡೆ ಬಾಗಿದರು.

"ಇಂಥೋರು ಇನ್ನೊಬ್ಬರು ಇದ್ರೆ ಹೇಳಿ. ಸುಮ್ನೆ ಒಂದು ಕಡೆ ಕೂತಿರ್ತಾರೆ, ಬಿಟ್ಟೂ ಹೋಗಲ್ಲ."

ತಂಗಿ ಎದ್ದು ಹೋಗಿ ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟಳು. ಬಿಸಿಲಲ್ಲಿ ಬಂದಿದ್ದ ಯಜಮಾನರು ಗಟಗಟ ಕುಡಿದರು. ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದರು. ಖಾಲಿ ಲೋಟದ ಜೊತೆಗೆ ಕುರ್ಚಿಗೊರಗಿದ್ದ ಕೋಲನ್ನೂ ಒಳಗೆ ಒಯ್ದು, ಕೋಣೆಗೆ ಬೀಗ ಹಾಕಿದಳು.

ಸ್ವಲ್ಪ ಹೊತ್ತಿಗೆ ಯಜಮಾನರು ಕುರ್ಚಿಯಲ್ಲಿ ಅತ್ತಿತ್ತ ಸರಿದಾಡತೊಡಗಿದರು. ಕೈ ಪಕ್ಕದಲ್ಲಿ ತಡಕಾಡಿತು.

"ಬಾತ್‌ರೂಮು ಎಲ್ಲಮ್ಮ? ನನ್ನ ಕೋಲು ಇಲ್ಲೇ ಇತ್ತಲ್ಲ?"

"ಒಳಗಿಟ್ಟಿದೀನಿ. ಎದುರಿಗಿದ್ರೆ ಬಂದೋರ ಮನಸ್ಸಿಗೆ ಒಂಥರಾ ಆಗುತ್ತೆ," ಎಂದಳು ತಂಗಿ, ಮೆತ್ತಗೆ. "ಜನ ಎಲ್ಲ ಹೋದ್ಮೇಲೆ ಕೊಡ್ತೀನಿ."

ಬಾಗಿಲಲ್ಲಿ ಜನ ಇನ್ನೂ ಬರುತ್ತಲೇ ಇದ್ದರು. ಅವಳು ಲೋಟಕ್ಕೆ ಮತ್ತೆ ನೀರು ತುಂಬಿಸಿ ತಂದು ಯಜಮಾನರ ಕೈಗಿಟ್ಟಳು.