ತಾತ ಸುಳ್ಳು ಹೇಳಲ್ಲ

ಕ್ರಿಸ್ಮಸ್ ತಾತನ ಕೆಂಪು ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿಕೊಂಡು ಅತ್ತೆ ತಾವೇ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅವಳು ಯಾರದೋ ಪ್ಯಾಂಟಿನ ಜಿಪ್ಪು ಬಿಚ್ಚುತ್ತ ಕೂತಿದ್ದಳು. ಒಂದೂವರೆ ವರ್ಷದಿಂದ ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಮುಖ ತೋರಿಸಿರದ ಅತ್ತೆ. ಬಟ್ಟೆ ಹಿಗ್ಗಿಸುವ, ಕುಗ್ಗಿಸುವ, ಹರಿದದ್ದನ್ನು ಕೂಡಿಸುವ ಆ ಇಕ್ಕಟ್ಟಿನ ಅಂಗಡಿಯಲ್ಲಿ ಬಂದವರಿಗೆ ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಕೂತು ಬೆವರು ಒರೆಸಿಕೊಂಡು, ಸುತ್ತ ತೂಗುಹಾಕಿದ್ದ ಕೋಟುಗಳನ್ನೆಲ್ಲ ಒಮ್ಮೆ ನೋಡಿ, "ಚೆನ್ನಾಗೇ ನಡೀತಿದೆ ನಿಂದು" ಎಂದರು. ಹೊಗಳಿದ್ದೋ ಚುಚ್ಚಿದ್ದೋ ತಿಳಿಯದಂಥ ದನಿ. ಆ ಮನೆಯವರಿಗೆಲ್ಲ ಅದು ಕರಗತವಾಗಿತ್ತು.

"ದೊಡ್ಡವನಿಗೆ ಮಂಡಿ ನೋವು ಕಣೆ. ಈ ಸಲ ತಾತನ ವೇಷ ಹಾಕಲ್ವಂತೆ. ಚರ್ಚಲ್ಲಿ ಹಾಡ್ತಾನಲ್ಲ ಒಬ್ಬ ಸಣಕಲ ಹುಡುಗ, ಅವನಿಗೆ ಹೇಳಿದೀನಿ. ಸೊಂಟ, ಭುಜ ಎಲ್ಲಾ ಹಿಡಿದು ಕೊಡು."

"ಅಳತೆ ಏನತ್ತೆ?"

"ಏನೋ, ಮಾಮೂಲಿ ಗಂಡಸಿನ ಅಳತೆ. ನಿನ್ನ ಕೈಗೆ ಗೊತ್ತಿಲ್ವಾ?"

ಆಮೇಲೆ ನಿಜವಾದ ವಿಷಯಕ್ಕೆ ಬಂದರು. ಹಬ್ಬಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಬರಬೇಕು. ಕಳೆದ ವರ್ಷ ಅವರಿಬ್ಬರೂ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. "ನಿಮ್ಮ ಮಗ ಬರೋದಾದ್ರೆ ನಾನು ಬರಲ್ಲ."

ಅತ್ತೆ ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದರು. "ಇದರಾಣೆಗೂ ಇಲ್ಲ. ಅವನೆಲ್ಲಿದಾನೋ ನನಗೇ ಗೊತ್ತಿಲ್ಲ."

ಅವಳ ಗಂಡ ಸಮಾರಂಭಗಳಿಗೆ ಮೈಕು, ಸ್ಪೀಕರು ಕಟ್ಟುವವನು. ಬಾಯಿ ತೆರೆದರೆ ಹತ್ತು ದನಿ. ಮಕ್ಕಳನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದ. ಎರಡು ಸಲ ಮನೆ ಬಿಟ್ಟು ಹೋಗಿ, ಎರಡು ಸಲವೂ ಏನೂ ಆಗದವನಂತೆ ಆಟದ ಸಾಮಾನು ಹಿಡಿದು ಬಂದಿದ್ದ. ಮೂರನೆಯ ಸಲ ಹೋದವನು ಬರಲಿಲ್ಲ. ಅವನು ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಳು. ಮಕ್ಕಳು ಕಾಯುವುದನ್ನು ನೋಡುವುದು ಮಾತ್ರ ಅವಳಿಂದ ಆಗಲಿಲ್ಲ. ಆಗಿನ್ನೂ ಮೂರು ತುಂಬದಿದ್ದ ಗುಂಡ ಸಂಜೆಯಾದರೆ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದ. ತಟ್ಟಿದರೆ ಮೊದಲು ತನಗೇ ತಿಳಿಯಬೇಕೆಂಬ ಲೆಕ್ಕ ಅವನದು. ಅಲ್ಲೇ ಊಟ, ಅಲ್ಲೇ ನಿದ್ದೆ. ಜ್ವರ ಬಂದರೂ ಏಳುತ್ತಿರಲಿಲ್ಲ. ಆ ಅಭ್ಯಾಸ ಬಿಟ್ಟು ಈಗ ನಾಲ್ಕು ತಿಂಗಳಾಗಿತ್ತಷ್ಟೆ. ದೊಡ್ಡವಳು, ಎಂಟು ವರ್ಷದವಳು, ಅಷ್ಟು ಕಾಡಿರಲಿಲ್ಲ. ಏನನ್ನೂ ಕೇಳುತ್ತಿರಲಿಲ್ಲ. ಸದ್ಯ, ಅದೊಂದು ತಿಳಿದ ಮಗು ಎಂದು ಅವಳು ನಿಟ್ಟುಸಿರು ಬಿಟ್ಟಿದ್ದಳು.

ಇನ್ನೊಂದು ಸಂಗತಿ ಅವಳ ಹೊಟ್ಟೆಯಲ್ಲೇ ಇತ್ತು. ಬೇರೆ ಊರಿನಲ್ಲಿ ಅವನಿಗೊಂದು ಮನೆಯಾಗಿದೆ, ಅಲ್ಲೊಂದು ಹಸುಗೂಸೂ ಇದೆ ಎಂದು ಅವಳಿಗೆ ತಿಳಿದು ಆರು ತಿಂಗಳಾಗಿತ್ತು. ಹೇಳಿಕೊಂಡರೆ ತನ್ನ ಮಾನವೇ ಬೀದಿಗೆ ಬೀಳುತ್ತದೆಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆದರೂ ಹೋಗಲು ಒಪ್ಪಿದಳು. ಮೂವರೇ ಕೂತು ಹಬ್ಬದೂಟ ಉಣ್ಣುವುದು ಎಂಥದೆಂದು ಒಂದು ವರ್ಷ ನೋಡಿದ್ದೇ ಸಾಕಾಗಿತ್ತು.

ಕ್ರಿಸ್ಮಸ್ ದಿನ ಚರ್ಚು ಮುಗಿಸಿಕೊಂಡು ಅತ್ತೆಯ ಮನೆಗೆ ಬಂದಾಗ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ಕ್ರಿಸ್ಮಸ್ ಮರ. ಅದರ ಒಂದು ಪಕ್ಕದ ದೀಪಗಳು ಉರಿಯುತ್ತಿದ್ದವು, ಇನ್ನೊಂದು ಪಕ್ಕದವು ಮುನಿಸಿಕೊಂಡಿದ್ದವು. ಮಂಡಿ ನೋವಿನ ಭಾವ ಅದರಡಿ ಕುಕ್ಕರಗಾಲಿನಲ್ಲಿ ಕೂತು ವೈರು ತಿರುಚುತ್ತಿದ್ದರು.

"ಬಂದಳಪ್ಪಾ ನಮ್ಮ ಸೂಜಿ!" ಎಂದರು. ಮದುವೆಯಾದ ಹೊಸತರಲ್ಲೇ ಅವರಿಟ್ಟ ಹೆಸರು ಅದು. "ಬಲೂನಿನ ಹತ್ರ ಮಾತ್ರ ಹೋಗಬೇಡಮ್ಮ, ಒಂದೂ ಉಳಿಯಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಡುಗೆಮನೆಯಲ್ಲಿ ನಾದಿನಿ ಮಾಂಸದ ಪಾತ್ರೆ ತಿರುವುತ್ತ, "ಏನು ಅತ್ತಿಗೆ, ಸಣ್ಣಗಾಗಿದೀರಾ! ಗಂಡನ ಕಾಟ ಇಲ್ಲದಿದ್ರೆ ಎಲ್ಲರೂ ಊದ್ಕೋತಾರೆ, ನೀವು ನೋಡಿದ್ರೆ ಉಲ್ಟಾ" ಎಂದಳು. ಅವಳು ಈರುಳ್ಳಿ ಹೆಚ್ಚುವ ನೆಪದಲ್ಲಿ ತಲೆ ತಗ್ಗಿಸಿದಳು. ಯಾಕೋ ಇವತ್ತು ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಉಪಚಾರ ಮಾಡುತ್ತಿದ್ದಾರೆ ಅನ್ನಿಸಿತು. ತಟ್ಟೆಗೆ ಎರಡೆರಡು ಸಲ ಬಡಿಸಿದರು. ಅತ್ತೆಯಂತೂ ದೊಡ್ಡವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಿವಿಯಲ್ಲಿ ಪಿಸುಗುಡುತ್ತಿದ್ದರು. ಮಗು ಊಟ ಬಿಟ್ಟು ಬಾಗಿಲ ಕಡೆಯೇ ನೋಡುತ್ತಿತ್ತು. ತಾತ ಬರುವ ಸಂಭ್ರಮ, ಇನ್ನೇನು ಎಂದುಕೊಂಡಳು.

ಊಟದ ತಟ್ಟೆಗಳು ಎದ್ದ ಮೇಲೆ ಗಂಟೆಯ ಸದ್ದಾಯಿತು. ಮಕ್ಕಳೆಲ್ಲ ಕಿರುಚಿಕೊಂಡು ಸಾಲಾಗಿ ನಿಂತರು. ಬೆನ್ನಿಗೆ ಮೂಟೆ, ಹತ್ತಿಯ ಗಡ್ಡ, ಮೂಗಿನವರೆಗೆ ಇಳಿದ ಟೋಪಿ, "ಹೋ ಹೋ" ಎಂದು ಕೆಮ್ಮುವ ಮುದುಕನ ದನಿ. ತಾತ ಬಂದು ಕುರ್ಚಿಯಲ್ಲಿ ಕೂತ.

ಅವಳ ಕಣ್ಣು ಎಂದಿನಂತೆ ಮೊದಲು ಹೊಲಿಗೆಯ ಮೇಲೆ ಹೋಯಿತು. ತಾನು ಹಿಡಿದ ಸೊಂಟ ಸರಿಯಾಗಿ ಕೂತಿದೆ. ತೋಳು ಸರಿ. ಎಡಭುಜ ಮಾತ್ರ ಜೋತುಬಿದ್ದು, ಕತ್ತಿನ ಕೆಳಗೆ ಒಂದು ಮಡಿಕೆ ಎದ್ದಿದೆ. ಎರಡೂ ಭುಜ ಒಂದೇ ಸಮ ಹೊಲಿದದ್ದು ತಾನೇ. ಎಡಭುಜ ಬೆರಳಷ್ಟು ಇಳಿದಿರುವ ಗಂಡಸು ತೊಟ್ಟರೆ ಮಾತ್ರ ಹಾಗಾಗುತ್ತದೆ. ಸ್ಪೀಕರ್ ಪೆಟ್ಟಿಗೆ ಹೊತ್ತು ಹೊತ್ತು ಇಳಿದ ಭುಜ ಅದು. ಅದಕ್ಕೆಂದೇ ಹತ್ತು ವರ್ಷ ಅವನ ಒಂದೊಂದು ಅಂಗಿಯ ಎಡಭುಜಕ್ಕೂ ಅವಳು ಒಳಗಿನಿಂದ ಒಂದು ತುಂಡು ಬಟ್ಟೆ ಕೊಟ್ಟು ಹೊಲಿದಿದ್ದಳು.

ತಲೆಯೆತ್ತಿ ನೋಡಿದಳು. ಮನೆಯ ದೊಡ್ಡವರಲ್ಲಿ ಒಬ್ಬರೂ ತಾತನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಮುಖದ ಮೇಲೆ. ನಾದಿನಿ ಹಿಡಿದಿದ್ದ ಫೋನೂ ಅವಳ ಕಡೆಗೇ ತಿರುಗಿತ್ತು. ಅವಳಿಗೆ ಎಲ್ಲ ತಿಳಿದುಹೋಯಿತು. ಇನ್ನೊಂದು ಗಳಿಗೆಗೆ ಗಡ್ಡ ಕಳಚುತ್ತದೆ. ಮಕ್ಕಳು "ಅಪ್ಪಾ" ಎಂದು ಮೇಲೆ ಬೀಳುತ್ತವೆ. ಆ ಹೊತ್ತಿನಲ್ಲಿ ಯಾವ ತಾಯಿ ತಾನೇ ಮಕ್ಕಳನ್ನು ಕಿತ್ತು ಎಳೆಯುತ್ತಾಳೆ? ನಗಬೇಕು, ಕಣ್ಣೊರೆಸಿಕೊಳ್ಳಬೇಕು, ಫೋನಿಗೆ ಮುಖ ಕೊಡಬೇಕು. ಆಮೇಲೆ ಒಂದು ದಿನ ಅವನು ಮತ್ತೆ ಹೋಗುತ್ತಾನೆ, ಗುಂಡ ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾನೆ. ಅದಕ್ಕೆ ಬೇಕಾದ ಅಂಗಿಯನ್ನೂ ಅವಳ ಕೈಯಿಂದಲೇ ಹೊಲಿಸಿಕೊಂಡಿದ್ದರು.

ಗುಂಡನ ಸರದಿ ಬಂತು. ತಾತ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡ.

ಅವಳು ಎದ್ದು ಕುರ್ಚಿಯ ಹತ್ತಿರ ಹೋದಳು. "ಅಯ್ಯೋ ತಾತ, ಕಾಲರು ಮಡಚಿಕೊಂಡಿದೆ. ತಡೀರಿ, ಸರಿ ಮಾಡ್ತೀನಿ" ಎಂದು ಬಗ್ಗಿದಳು. ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, ಆ ಮಡಿಕೆಯನ್ನು ಬಿಗಿಯುತ್ತ, ಅವನ ಕಿವಿಗೆ ಮಾತ್ರ ಬೀಳುವಷ್ಟು ಮೆಲ್ಲಗೆ ಹೇಳಿದಳು: "ಗಡ್ಡಕ್ಕೆ ಕೈ ಹಾಕಿದ್ರೆ ಆ ಮನೆ ವಿಷಯ, ಆ ಮಗು ವಿಷಯ ಎಲ್ಲಾ ಇಲ್ಲೇ, ಇವರ ಮುಂದೆ, ಮಕ್ಕಳ ಮುಂದೇನೇ ಹೇಳ್ತೀನಿ. ನನ್ನ ಮಗ ಒಂದು ಮಾತು ಕೇಳ್ತಾನೆ. ಇಲ್ಲ ಅನ್ನಬೇಕು."

ಅವಳು ನೆಟ್ಟಗೆ ನಿಂತು, ಇಡೀ ಮನೆಗೆ ಕೇಳುವಂತೆ ಸಿಹಿಯಾಗಿ ಹೇಳಿದಳು. "ಗುಂಡಾ, ತಾತಂಗೆ ಎಲ್ಲಾ ಗೊತ್ತಿರತ್ತೆ. ನನ್ನ ಕೇಳ್ತಿದ್ದೆಯಲ್ಲ ದಿನಾ, ಅದನ್ನ ಕೇಳು."

ಗುಂಡ ಬೆರಳು ಬಾಯಿಂದ ತೆಗೆದ. "ತಾತ, ನಮ್ಮಪ್ಪ ಬರ್ತಾರಾ?"

ನಾದಿನಿಯ ಕೈಯ ಫೋನು ಕೆಳಗಿಳಿಯಿತು. ಭಾವ ಕೆಮ್ಮಿದರು. ತಾತ ಅತ್ತೆಯ ಕಡೆ ನೋಡಿದ, ಅತ್ತೆ ಮುಂದೆ ಬಂದು, "ಪುಟ್ಟಾ, ಅದು…" ಎಂದರು.

"ನೀವು ಸುಮ್ಮನಿರಿ ಅತ್ತೆ. ತಾತ ಹೇಳಲಿ. ಹೇಳಿ ತಾತ, ಮಗು ಕಾಯ್ತಿದೆ."

"ಇಲ್ಲ ಕಂದ" ಎಂದ ತಾತ. ಮುದುಕನ ದನಿ ಅರ್ಧದಲ್ಲೇ ಕೈಕೊಟ್ಟಿತು. ಮತ್ತೆ ತಂದುಕೊಂಡು ಹೇಳಿದ. "ಬರಲ್ಲ."

"ಯಾವತ್ತೂ?"

ಅವಳು ಇನ್ನೂ ಕಾಲರಿನ ಮೇಲೆ ಕೈಯಿಟ್ಟೇ ಇದ್ದಳು.

"ಯಾವತ್ತೂ ಬರಲ್ಲ."

ಗುಂಡ ತನ್ನ ಪೊಟ್ಟಣ ಎತ್ತಿಕೊಂಡು ತೊಡೆಯಿಂದ ಜಾರಿ ಇಳಿದು, ದೊಡ್ಡಪ್ಪನ ಮಕ್ಕಳ ಹತ್ತಿರ ಓಡಿದ. "ನಮ್ಮಪ್ಪ ಬರಲ್ವಂತೆ! ತಾತನೇ ಹೇಳಿದ್ರು. ತಾತ ಸುಳ್ಳು ಹೇಳಲ್ಲ." ಅಷ್ಟು ಹೇಳಿ ಕಾಗದ ಹರಿಯಲು ಕೂತುಬಿಟ್ಟ.

ಇಷ್ಟೇನಾ ಅನ್ನಿಸಿತು ಅವಳಿಗೆ. ಒಂದೂವರೆ ವರ್ಷ ತಾನು ಸಮಾಧಾನ ಹೇಳಿ, ಗದರಿಸಿ, ಎತ್ತಿಕೊಂಡು ಓಡಾಡಿ ಮಾಡಲಾಗದ್ದು ಅವನ ಒಂದು ಮಾತಿನಿಂದ ಆಗಿಹೋಯಿತು. ಎದೆಯಲ್ಲಿ ಎದ್ದದ್ದು ನೋವಲ್ಲ. ಅದು ಸಂತೋಷವೇ. ಬಿಸಿಯಾಗಿ, ನಾಚಿಕೆಯಿಲ್ಲದೆ ಎದ್ದ ಸಂತೋಷ. ತಾತ ಬೇರೆ ಮನೆಗಳಿಗೂ ಹೋಗಬೇಕಲ್ಲ. ಉಳಿದ ಪೊಟ್ಟಣಗಳನ್ನು ಕುರ್ಚಿಯ ಮೇಲೇ ಸುರಿದು, ಖಾಲಿ ಮೂಟೆಯನ್ನು ಎಳೆದುಕೊಂಡು ಎದ್ದು ಹೋದ. ಮಕ್ಕಳು ಕೈಬೀಸಿದರು. ಅವಳೂ ಬೀಸಿದಳು.

ಅಡುಗೆಮನೆಯಲ್ಲಿ ನಾದಿನಿ ಅಡ್ಡ ಹಾಕಿದಳು. "ನಿಮ್ಮದೂ ಒಂದು ಹೆಣ್ಣು ಜನ್ಮಾನಾ ಅತ್ತಿಗೆ? ಸ್ವಂತ ಮಕ್ಕಳ ಮುಂದೆ ಅವನ ಬಾಯಲ್ಲೇ ಹೇಳಿಸಿದ್ರಲ್ಲ!"

"ನೀವು ಆಟ ಕಟ್ಟಿದ್ರಿ, ನಾನು ಆಡಿದೆ" ಎಂದಳು ಅವಳು. "ಇನ್ನೊಂದು ಸಲ ಅಂಗಿ ಚಿಕ್ಕದು ಮಾಡಿಸೋವಾಗ ಬೇರೆ ಅಂಗಡಿ ನೋಡ್ಕೊಳ್ಳಿ."

ಹಾಗೆಂದು ಹೊರಬಂದಾಗಲೇ ಅವಳಿಗೆ ದೊಡ್ಡವಳ ನೆನಪಾದದ್ದು. ಸಾಲಿನಲ್ಲಿ ಆ ಮಗುವಿನ ಸರದಿ ಬಂದೇ ಇರಲಿಲ್ಲ.

ಅತ್ತೆಯ ಕೋಣೆಯಲ್ಲಿ ಸಿಕ್ಕಳು. ಹೊಸ ಫ್ರಾಕಿನ ಅಂಚನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

"ಬಾ ಚಿನ್ನ, ಕೇಕ್ ಕತ್ತರಿಸ್ತಾರೆ."

"ಗಡ್ಡ ನಾನು ಎಳೀಬೇಕಿತ್ತು" ಎಂದಿತು ಮಗು. "ಅಜ್ಜಿ ನಂಗೇ ಹೇಳಿದ್ರು. ಗುಂಡಂದು ಆದ್ಮೇಲೆ ನಾನು. ನಾನು ಕುರ್ಚಿ ಹಿಂದೇನೇ ನಿಂತಿದ್ದೆ."

ಅವಳು ಮಗುವಿನ ಪಕ್ಕ ಮಂಚದ ಮೇಲೆ ಕೂತಳು. ಕುರ್ಚಿಯ ಹಿಂದೆ ನಿಂತಿದ್ದವಳಿಗೆ ಆ ಪಿಸುಮಾತೂ ಕಿವಿಗೆ ಬಿದ್ದಿರುತ್ತದೆ. "ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ. ಯಾರಿಗೂ ಹೇಳಲಿಲ್ಲ. ನಿಂಗೂ ಹೇಳಲಿಲ್ಲ. ಅಪ್ಪ ಅಷ್ಟು ಹತ್ರ ಇದ್ರು ಅಮ್ಮ. ಕೈ ಚಾಚಿದ್ರೆ ಸಿಕ್ತಿದ್ರು."

ಆಗ ಅವಳು ಮಾಡಬಾರದ್ದನ್ನು ಮಾಡಿದಳು. ಮಗುವಿನ ಮನಸ್ಸಿನಿಂದ ಅವನನ್ನು ಬೇರುಸಹಿತ ಕಿತ್ತುಹಾಕಬೇಕು, ಇಂದೇ, ಈ ಕೋಣೆಯಲ್ಲೇ ಎನ್ನಿಸಿ ಬಾಯಿಬಿಟ್ಟಳು. "ನಿಮ್ಮಪ್ಪಂಗೆ ಬೇರೆ ಮನೆ ಇದೆ ಕಣೆ. ಅಲ್ಲಿ ಒಂದು ಪಾಪು ಇದೆ. ಅವರಿಗೆ ನೀವು ಬೇಕಾಗಿಲ್ಲ."

ಮಗು ಅವಳ ಮುಖವನ್ನೇ ನೋಡಿತು. ಅಂಗಡಿಗೆ ಬಂದವರು ಬಟ್ಟೆಯನ್ನು ಮಗುಚಿ ಒಳಹೊಲಿಗೆ ನೋಡುವಂಥ ನೋಟ.

"ಗೊತ್ತು. ಅಜ್ಜಿ ಫೋಟೋ ತೋರಿಸಿದ್ರು. ಪಾಪು ಚೆನ್ನಾಗಿದೆ. ಅದಕ್ಕೂ ಗುಂಡನ ಥರಾನೇ ಕಿವಿ."

ಹಾಗಾದರೆ ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾನು ಎದೆಗೆ ಕಟ್ಟಿಕೊಂಡು ಕಾಪಾಡಿದ ಮಾನ ಇಲ್ಲಿ ಫೋಟೋ ಆಗಿ ಕೈಯಿಂದ ಕೈಗೆ ದಾಟಿತ್ತು. ಹಾಲಿನಿಂದ ಭಾವ ಕೂಗಿದರು, "ಬನ್ನಿ ಬನ್ನಿ, ಚಾಕು ಹಿಡಿಯೋರು ಯಾರು?"

ಮಗು ಮಂಚದಿಂದ ಇಳಿದು ಫ್ರಾಕು ಸರಿಮಾಡಿಕೊಂಡಿತು.

"ನಾನು ಇಲ್ಲೇ ಇರ್ತೀನಿ, ಅಜ್ಜಿ ಹತ್ರ."

"ಎಷ್ಟು ದಿನ?"

"ಅಪ್ಪ ಬರೋ ತನಕ."

"ಬರಲ್ಲ ಅಂತ ಅವರೇ ಹೇಳಿದ್ರಲ್ಲ, ಕೇಳಿಸ್ಕೊಂಡೆ ತಾನೇ?"

"ಅದು ಗುಂಡಂಗೆ ಹೇಳಿದ್ದು" ಎಂದಿತು ಮಗು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು. "ಅವನನ್ನ ಕರ್ಕೊಂಡು ಹೋಗು. ನಂಗೆ ಯಾರೂ ಏನೂ ಹೇಳಿಲ್ಲ."