ಇಪ್ಪತ್ತೆರಡು ವರ್ಷದ ಪಾಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯ ಮಕ್ಕಳು ಮಾತಾಡಿಕೊಳ್ಳುತ್ತಾರೆ. ಸುಳ್ಳಲ್ಲ. ಆದರೆ ಅವತ್ತು ಮುಳಬಾಗಿಲಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಸಿಟ್ಟು ಬಂದದ್ದು ಬೇರೆ ಯಾರ ಮೇಲೂ ಅಲ್ಲ, ತ್ರಿವೇಣಿ ಮಿಸ್ ಎಂಬ ನನ್ನ ಮೇಲೇ.

ನನ್ನ ಒಂಬತ್ತನೇ ಕ್ಲಾಸಿನ ಸಿದ್ರಾ ಒಂದು ತಿಂಗಳು ಕೂತು ಭೂಮಿಯ ಮಾದರಿ ಮಾಡಿದ್ದಳು. ಅರ್ಧಕ್ಕೆ ಕೊಯ್ದ ದೊಡ್ಡ ಥರ್ಮಾಕೋಲ್ ಚೆಂಡು. ಹೊರಗೆ ತೆಳ್ಳನೆ ಕಂದು ಬಣ್ಣದ ಭೂಕವಚ, ನಟ್ಟನಡುವೆ ಹಳದಿ ಕೇಂದ್ರ, ಇವೆರಡರ ಮಧ್ಯದ ಮ್ಯಾಂಟಲ್ ಜಾಗದಲ್ಲಿ ಪ್ಲಾಸ್ಟಿಕ್ ಪೈಪು, ಅದರೊಳಗೆ ಗುಳುಗುಳು ಓಡಾಡುವ ಕೆಂಪು ನೀರು. ತಾಲೂಕಿನಿಂದ ಒಂದೇ ಒಂದು ಮಾದರಿ ಕೋಲಾರಕ್ಕೆ, ಜಿಲ್ಲಾ ಮಟ್ಟಕ್ಕೆ ಹೋಗುವುದು. ಅದು ಇದೇ ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ತೀರ್ಪುಗಾರರಾದ ವೇಣುಗೋಪಾಲ್ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಕೆಂಪು ನೀರು ನೋಡಿ ಕನ್ನಡಕ ತೆಗೆದರು.

"ಇದೇನಮ್ಮ?"

"ಮ್ಯಾಂಟಲ್ ಸಾರ್. ಪೂರ್ತಿ ಶಿಲಾಪಾಕ. ಜಾಮೂನಿನ ಪಾಕ ಇದ್ದಂಗೆ. ಖಂಡಗಳೆಲ್ಲ ಅದ್ರಲ್ಲಿ ಜಾಮೂನು ಥರ ತೇಲ್ತಾ ಇರ್ತವೆ," ಎಂದಳು ಸಿದ್ರಾ, ಒಂದೇ ಉಸಿರಿಗೆ.

"ಮ್ಯಾಂಟಲ್ ಗಟ್ಟಿ ಕಲ್ಲಮ್ಮ. ಅಲ್ಲಲ್ಲಿ ಒಂಚೂರು ಕರಗಿರುತ್ತೆ ಅಷ್ಟೆ. ಭೂಕಂಪದಲ್ಲಿ ಒಂದು ಥರದ ಅಲೆ ಏಳುತ್ತೆ, ಅದು ದ್ರವದೊಳಗೆ ಹೋಗೋದೇ ಇಲ್ಲ. ಮ್ಯಾಂಟಲ್‌ನಲ್ಲಿ ಸಲೀಸಾಗಿ ಹೋಗುತ್ತೆ. ನೀರಾಗಿದ್ರೆ ಹೋಗ್ತಿತ್ತಾ?"

"ಮತ್ತೆ ಖಂಡಗಳು ಹೆಂಗೆ ಸರೀತವೆ ಸಾರ್?"

ಅವರ ಮುಖ ಅರಳಿತು. "ಆ ಗಟ್ಟಿ ಕಲ್ಲೇ ಹರಿಯುತ್ತೆ ಕಣಮ್ಮ, ವರ್ಷಕ್ಕೆ ಉಗುರು ಬೆಳೆದಷ್ಟು. ಗಟ್ಟಿ ಇರೋದು ಹರಿಯೋದು ಹೆಂಗೆ ಅಂತ ತೋರಿಸು ನೋಡೋಣ. ಊಟ ಆದ್ಮೇಲೆ ಇನ್ನೊಂದು ಸುತ್ತು ಬರ್ತೀನಿ."

ಜಾಮೂನಿನ ಮಾತು ಆ ಹುಡುಗಿಯದಲ್ಲ, ನನ್ನದು. ಇಪ್ಪತ್ತೆರಡು ವರ್ಷದ ಹಿಂದೆ ಪುಸ್ತಕದಲ್ಲಿ ಶಿಲಾಪಾಕ ಎಂಬ ಪದ ಕಂಡದ್ದೇ ತಡ, ನನ್ನ ತಲೆ ನೇರ ಅಡುಗೆಮನೆಗೆ ಓಡಿತ್ತು. ಕರಗಿದ ಕಲ್ಲಿಗಷ್ಟೇ ಇರುವ ಹೆಸರನ್ನು ಇಡೀ ಮ್ಯಾಂಟಲಿಗೆ ಕಟ್ಟಿ, ಪ್ರತಿ ವರ್ಷ ಅದೇ ಜಾಮೂನು ಬಡಿಸಿದ್ದೆ. ಮಕ್ಕಳು ಬಾಯಲ್ಲಿ ನೀರೂರಿಸಿಕೊಂಡು ಕೇಳುತ್ತಿದ್ದರು, ನಾನು ಹಿಗ್ಗುತ್ತಿದ್ದೆ. ಈಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸಿದ್ರಾ ಪೈಪು ಕಿತ್ತು ನೀರು ಚೆಲ್ಲಿದಳು. ಅಳಲಿಲ್ಲ. "ಮಿಸ್, ಯಾರು ಹೇಳ್ಕೊಟ್ರು ಅಂತ ಕೇಳಿದ್ರೆ ನಾನೇ ತಪ್ಪು ತಿಳ್ಕೊಂಡೆ ಅಂತೀನಿ," ಎಂದಳು. ಬೇಡ ಎನ್ನಬೇಕಿತ್ತು. ನಾನು ಅನ್ನಲಿಲ್ಲ.

ಊಟ ಬಿಟ್ಟು ಇಬ್ಬರೂ ಬೀದಿಗೆ ಹೊರಟೆವು. ಮೇಣ ನೋಡಿದೆವು, ಮುರಿಯಿತು, ಹರಿಯಲಿಲ್ಲ. ಮೈದಾ ಹಿಟ್ಟು ಕಲಸಿದೆವು, ಹಿಗ್ಗಿತು, ಗಟ್ಟಿ ಅನ್ನಿಸಲಿಲ್ಲ. ಒಂದೂವರೆ ಗಂಟೆ ದಾಟಿತ್ತು. ಸೋತು ಗೇಟಿನ ಹತ್ತಿರ ಬಂದರೆ ಅಲ್ಲಿ ಬಾಂಬೆ ಮಿಠಾಯಿ ಮಾರುವ ಓಬೇದುಲ್ಲಾ ನಿಂತಿದ್ದರು. ಬಿದಿರು ಗಳಕ್ಕೆ ಸುತ್ತಿದ ಗುಲಾಬಿ ಬಿಳಿ ಮಿಠಾಯಿ. ಒಂದು ಮಗುವಿನ ಕೈಗೆ ಮಿಠಾಯಿಯದೇ ವಾಚು ಮಾಡಿ ಕಟ್ಟುತ್ತಿದ್ದರು. ಇನ್ನೊಬ್ಬ ತುಂಟ ಮಿಠಾಯಿಗೇ ಕೈ ಹಾಕಿ ಜಗ್ಗಿದ. ಚಟ್ಟಂತ ಮುರಿಯಿತು.

"ಲೇ, ಜೋರಾಗಿ ಜಗ್ಗಬ್ಯಾಡ! ಮುರೀತದೆ. ನಿಧಾನಕ್ಕೆ ಎಳಿ, ದಾರದಂಗೆ ಬರ್ತದೆ," ಎಂದು ಗದರಿದರು ಓಬೇದುಲ್ಲಾ.

ಸಿದ್ರಾ ನನ್ನ ಕೈ ಹಿಡಿದು ಹಿಂಡಿದಳು. "ಮಿಸ್! ಮಿಸ್!" ನಾನೂ ಕೂಗುತ್ತಿದ್ದೆ. ಬೀದಿಯವರೆಲ್ಲ ತಿರುಗಿ ನೋಡಿದರು, ನೋಡಲಿ.

"ಚಾಚಾ, ಇದು ಹೆಂಗೆ ಮಾಡ್ತೀರಾ?" ಎಂದು ಕೇಳಿದಳು ಸಿದ್ರಾ.

"ಇದೂ ಸಕ್ಕರೆ ಪಾಕಾನೇ ಬೇಟಿ. ಜಾಮೂನಿನ ಪಾಕ ಒಂದು ಹದ, ಇದು ಇನ್ನೊಂದು ಹದ. ಜನಕ್ಕೆ ಒಂದೇ ಗೊತ್ತು."

ಆ ಜನ ನಾನೇ.

ವೇಣುಗೋಪಾಲ್ ಬಂದಾಗ ಪೈಪಿದ್ದ ಜಾಗದಲ್ಲಿ ಮಿಠಾಯಿ ಮೆತ್ತಿತ್ತು. ಸಿದ್ರಾ ಕೈಯಲ್ಲಿದ್ದ ತುಂಡನ್ನು ಒಮ್ಮೆಲೇ ಜಗ್ಗಿ ಮುರಿದಳು. "ಭೂಕಂಪದ ಅಲೆ ಕ್ಷಣದಲ್ಲಿ ಬರುತ್ತೆ ಸಾರ್, ಅದರ ಪಾಲಿಗೆ ಮ್ಯಾಂಟಲ್ ಗಟ್ಟಿ ಕಲ್ಲು." ಇನ್ನೊಂದನ್ನು ಮೆಲ್ಲಗೆ, ಉಸಿರು ಬಿಗಿಹಿಡಿದು ಎಳೆದಳು. ಮೊಳದುದ್ದ ಬಂತು. "ಲಕ್ಷಾಂತರ ವರ್ಷ ಸಿಕ್ಕಿದ್ರೆ ಅದೇ ಕಲ್ಲು ಹಿಂಗೆ. ಒಳಗಿನ ಶಾಖಕ್ಕೆ ಬಿಸಿಯಾದದ್ದು ಏಳುತ್ತೆ, ತಣ್ಣಗಾದದ್ದು ಇಳಿಯುತ್ತೆ. ನೀರಾಗಿರೋದು ಕೇಂದ್ರದ ಹೊರಭಾಗ. ಆ ಅಲೆ ಅಲ್ಲೇ ನಿಲ್ಲೋದು."

"ಭಲೇ!" ವೇಣುಗೋಪಾಲ್ ತಾವೇ ಒಂದು ತುಂಡು ತೆಗೆದು ಎಳೆದು ನೋಡಿದರು. ಆಮೇಲೆ ಕೇಳಿದರು, "ಮೊದಲು ನೀರು ಅಂತ ಯಾರಮ್ಮ ಹೇಳ್ಕೊಟ್ಟೋರು?"

"ನಾನೇ ಸಾರ್, ತಪ್ಪು..."

"ನಾನು," ಎಂದೆ. "ಇಪ್ಪತ್ತೆರಡು ವರ್ಷದಿಂದ ತಪ್ಪು ಹೇಳಿದ್ದೀನಿ ಸಾರ್. ಇವಳು ನನ್ನ ಮುಖ ಉಳಿಸೋಕೆ ನೋಡ್ತಿದ್ದಾಳೆ."

ಪಕ್ಕದ ಮೇಜಿನ ಮೇಷ್ಟ್ರುಗಳೆಲ್ಲ ಕತ್ತು ಚಾಚಿ ನೋಡಿದರು. ವೇಣುಗೋಪಾಲ್ ಸಿದ್ರಾಳ ಹೆಸರು ಬರೆದುಕೊಂಡರು. ಸಂಜೆ ಮೈಕಿನಲ್ಲಿ ಕೂಗಿದ ಹೆಸರು ಅದೇ. ಅವಳು ಕುಣಿದಳು. ನಲವತ್ತೇಳರ ನಾನೂ ಕುಣಿದೆ.

ಸಿದ್ರಾಳನ್ನು ಅವಳಪ್ಪನ ಕೈಗೆ ಒಪ್ಪಿಸಿ, ಮನೆಗೆ ಹೋಗಲು ಕೋಲಾರದ ಬಸ್ಸು ಹತ್ತಿದೆ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನನ್ನು ಕಂಡು ಹಲ್ಲು ಕಿರಿದ. ಕದಿರೇಶ, ನನ್ನ ಮೊದಲ ವರ್ಷದ ವಿದ್ಯಾರ್ಥಿ.

"ಮಿಸ್, ಚೆನ್ನಾಗಿದ್ದೀರಾ? ನೀವು ಮಾಡಿದ ಜಾಮೂನು ಪಾಠ ಇವತ್ತಿಗೂ ಮರ್ತಿಲ್ಲ. ನನ್ ಮಗಳಿಗೂ ಹಂಗೇ ಹೇಳ್ಕೊಟ್ಟಿದ್ದೀನಿ!"

ಎಷ್ಟು ಹೆಮ್ಮೆಯಿಂದ ಹೇಳಿದ!

"ಕದಿರೇಶ, ಟಿಕೆಟ್ ಕೊಡೋದು ಮುಗಿಸ್ಕೊಂಡು ಬಂದು ಪಕ್ಕದಲ್ಲಿ ಕೂತ್ಕೊಳೋ," ಎಂದೆ. "ಮಗಳಿಗೆ ಫೋನ್ ಮಾಡು, ನಾನೇ ಮಾತಾಡ್ತೀನಿ."